ಅರವತ್ತೆಂಟು ಕಿಲೋ

ವಯಸ್ಸನ್ನು ಒಂದೆರಡು ವರ್ಷ ಇಳಿಸಿ ಹೇಳುವವರನ್ನು ಲೋಕ ನಕ್ಕು ಕ್ಷಮಿಸುತ್ತದೆ. ತೂಕವನ್ನು ಇಳಿಸಿ ಹೇಳಿದರೆ ಮಾತ್ರ ಯಾರೂ ನಂಬುವುದಿಲ್ಲ. ಸಾಕ್ಷಿ ಎದುರಿಗೇ ನಿಂತು ಏದುಸಿರು ಬಿಡುತ್ತಿರುತ್ತದೆ. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಾನು ಅಂಥ ಸಾಕ್ಷಿಯಾಗಿ ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದೆ. ರನ್ನನ ಗದಾಯುದ್ಧವನ್ನು ಬೋಧಿಸುವ ದಿನಗಳಲ್ಲಿ ಹಿಂದಿನ ಬೆಂಚಿನ ಹುಡುಗರಿಗೆ ಭೀಮಸೇನನನ್ನು ಕಲ್ಪಿಸಿಕೊಳ್ಳುವ ಶ್ರಮವೇ ಇರಲಿಲ್ಲವೆಂಬುದು ನನಗೆ ಗೊತ್ತಿತ್ತು. ನಾನೂ ಅವರೊಡನೆ ನಗುತ್ತಿದ್ದೆ. ದಪ್ಪನೆಯ ಮನುಷ್ಯ ಮೊದಲು ಕಲಿಯುವ ವಿದ್ಯೆ ಅದು: ಇತರರು ನಗುವುದಕ್ಕೆ ಮುಂಚೆ ತಾನೇ ನಕ್ಕುಬಿಡುವುದು.

ಆ ನಗು 2022ರ ಮಳೆಗಾಲದಲ್ಲಿ ನಿಂತಿತು. ಆಗ ನನ್ನ ಎತ್ತರ 170 ಸೆಂಟಿಮೀಟರು, ತೂಕ 132 ಕಿಲೋ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ರಾತ್ರಿ ನಿದ್ರೆಯಲ್ಲಿ ಉಸಿರು ಕಟ್ಟದಿರಲೆಂದು ಮುಖಕ್ಕೆ ಯಂತ್ರದ ಮುಖವಾಡ. ಬಲಗಾಲಿನ ಹೆಬ್ಬೆರಳಿನಲ್ಲಿ ಆದ ಸಣ್ಣ ಗಾಯವೊಂದು ಆರು ವಾರ ಕಳೆದರೂ ಮಾಯಲಿಲ್ಲ. ನಮ್ಮ ತಂದೆಯವರಿಗೂ ಹೀಗೆಯೇ ಆರಂಭವಾಗಿತ್ತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಭಾಗ. 2006ರಲ್ಲಿ ಅವರು ತೀರಿಕೊಂಡಾಗ ಅವರ ದೇಹ ಎಷ್ಟು ಕಿರಿದಾಗಿ ಕಂಡಿತ್ತೆಂಬುದನ್ನು ನಾನು ಯಾರೊಡನೆಯೂ ಆಡಿದವನಲ್ಲ. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನನ್ನ ಹೆಂಡತಿ ಒಂದು ಸಂಜೆ ತಲೆಯೆತ್ತದೆಯೇ, "ಮಾವನೋರ ಕಾಲು ನೆನಪಿದೆಯಾ ನಿಮಗೆ?" ಎಂದಳು. ಆ ವಾರವೇ ಬೆಂಗಳೂರಿನ ಶಸ್ತ್ರವೈದ್ಯರೊಬ್ಬರನ್ನು ಕಾಣಲು ಹೊರಟೆವು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು, ಜಠರದ ಬಹುಭಾಗವನ್ನು ಬದಿಗಿರಿಸಿ ಆಹಾರವನ್ನು ಕರುಳಿಗೆ ಹಾಯಿಸುವ 'ಬೈಪಾಸ್' ಕ್ರಮವನ್ನು 1966ರಲ್ಲೇ ಕೈಗೊಂಡಿದ್ದರು. ನನಗೆ ಸೂಚಿಸಿದ್ದು 'ಸ್ಲೀವ್' ಎಂಬ ಇನ್ನೊಂದು ಬಗೆ. ಜಠರದ ಮುಕ್ಕಾಲು ಪಾಲಿಗೂ ಮಿಗಿಲಾದುದನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂಥ ಸಣ್ಣ ಕೊಳವೆಯಾಗಿ ಉಳಿಸುತ್ತಾರೆ. "ಬಾಳೆಹಣ್ಣಿನ ಆಕಾರ ಅಂತ ತಿಳ್ಕೊಳ್ಳಿ" ಎಂದರು ವೈದ್ಯೆ. ನಂಜನಗೂಡಿನ ರಸಬಾಳೆಯೋ ಪಚ್ಚಬಾಳೆಯೋ ಎಂದು ನಾನು ಕೇಳಿದೆ. ಅವರು ನಗಲಿಲ್ಲ, ನನ್ನ ಹೆಂಡತಿಯೂ ನಗಲಿಲ್ಲ. ಕೇವಲ ಜಾಗ ಕಡಿಮೆಯಾಗುವುದರಿಂದ ಇದು ಫಲಿಸುವುದಲ್ಲವಂತೆ. ಹಸಿವನ್ನು ಕೆರಳಿಸುವ 'ಘ್ರೆಲಿನ್' ಎಂಬ ಸ್ರಾವದ ಬಹುಪಾಲು ಹುಟ್ಟುವುದು ಜಠರದ ಮೇಲುಭಾಗದಲ್ಲಿ. ಆ ಭಾಗವೇ ಹೋಗುವುದರಿಂದ ಹಸಿವಿನ ಕೂಗೂ ತಗ್ಗುತ್ತದೆ. ಈಚಿನ ವರ್ಷಗಳಲ್ಲಿ ಇದೇ ಕೆಲಸಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದುಗಳೂ ಬಂದಿವೆ. ಅದು ಬೇರೆಯೇ ಒಂದು ಪುರಾಣ.

ಇಲ್ಲಿ ಒಂದು ಚೀಟಿಯ ಕಥೆಯನ್ನು ಹೇಳಲೇಬೇಕು. ಹಿಂದೆ ನಮ್ಮ ರೈಲು ನಿಲ್ದಾಣಗಳಲ್ಲಿ ಬಣ್ಣಬಣ್ಣದ ದೀಪಗಳ ತೂಕದ ಯಂತ್ರಗಳಿದ್ದುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮೇಲೆ ನಿಂತು, ತಿರುಗುವ ಚಕ್ರ ನಿಲ್ಲುವವರೆಗೆ ಕಾದು ನಾಣ್ಯ ಹಾಕಿದರೆ 'ಖಟ್' ಎಂದು ಒಂದು ರಟ್ಟಿನ ಚೀಟಿ ಉದುರುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. 1991ರಲ್ಲಿ, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಕಾಲದಲ್ಲಿ, ಮೈಸೂರು ನಿಲ್ದಾಣದಲ್ಲಿ ನಾನು ಪಡೆದ ಅಂಥದೊಂದು ಚೀಟಿ ನಿಘಂಟಿನ ಪುಟಗಳ ನಡುವೆ ಉಳಿದುಕೊಂಡಿತ್ತು. ಅದರಲ್ಲಿ ಅಚ್ಚಾಗಿದ್ದುದು 68. ಹಿಂಬದಿಯಲ್ಲಿ, ನನಗೆ ಮಿತ್ರರು ಬಹಳವೆಂದೂ ಮುಂದೆ ದೂರ ಪ್ರಯಾಣವಿದೆಯೆಂದೂ ಇತ್ತು. ಚೀಟಿ ಸಿಕ್ಕ ದಿನ ನಾನು ಅದನ್ನು ದೈವಸಂಕೇತವೆಂದೇ ಬಗೆದೆ. ಅರವತ್ತೆಂಟು ಕಿಲೋ ತೂಗುತ್ತಿದ್ದ ಆ ಹುಡುಗ ಹಂಪಿಯ ಮಾತಂಗ ಪರ್ವತವನ್ನು ಓಡುತ್ತ ಹತ್ತಿದ್ದ. ಬಸ್ಸಿನಲ್ಲಿ ಯಾರ ಪಕ್ಕದಲ್ಲಿಯಾದರೂ ಕ್ಷಮೆ ಕೇಳದೆ ಕುಳಿತಿದ್ದ. ಮೂವತ್ತು ವರ್ಷದ ಸಾಲವನ್ನು ತೀರಿಸಿ ಅವನನ್ನು ಬಿಡಿಸಿ ತರುತ್ತೇನೆಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿದೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಆಸ್ಪತ್ರೆಯ ಆಹಾರ ತಜ್ಞೆ ನನ್ನ ಕೈಗೆ ಒಂದು ಕಾಗದ ಕೊಟ್ಟರು. ನಾಲ್ಕು ಸಾಲು: ಕನಸಿನ ತೂಕ, ಸಂತೋಷದ ತೂಕ, ಒಪ್ಪಿಗೆಯಾಗುವ ತೂಕ, ನಿರಾಶೆಯ ತೂಕ. ನಾಲ್ಕನೆಯದರ ಅರ್ಥ, "ಇಷ್ಟಕ್ಕೇ ನಿಂತರೆ ಇದನ್ನೆಲ್ಲ ಮಾಡಿಸಿಕೊಂಡದ್ದೇ ದಂಡ" ಎನ್ನಿಸುವಂಥದು. ನಾನು ಪರೀಕ್ಷೆ ಬರೆಯುವ ಹುಡುಗನ ಉತ್ಸಾಹದಿಂದ 68, 75, 85, 95 ಎಂದು ತುಂಬಿದೆ. ವೈದ್ಯೆ ಅದನ್ನು ಕೈಗೆತ್ತಿಕೊಂಡು ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟರು.

"ಮೇಷ್ಟ್ರೇ, ಇದು ಯಾರ ತೂಕ?"

"ನನ್ನದೇ, ಡಾಕ್ಟ್ರೇ."

"ಯಾವಾಗಿನದು?"

ನಾನು ಚೀಟಿಯ ವಿಷಯ ಹೇಳಿದೆ. ಅವರು ಮೃದುವಾಗಿಯೇ ಲೆಕ್ಕ ಮಾಡಿ ತೋರಿಸಿದರು. ಈ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಒಟ್ಟು ತೂಕದಲ್ಲಿ ನೂರಕ್ಕೆ 25ರಿಂದ 30ರಷ್ಟು ಇಳಿಯುತ್ತದೆ. ನನ್ನ 132ರಲ್ಲಿ ಅದು 33ರಿಂದ 40 ಕಿಲೋ. ಅಂದರೆ ನಾನು ಹೋಗಿ ನಿಲ್ಲುವ ತಾಣ 92ರಿಂದ 99ರ ನಡುವೆ. "ಇದು ಚೆನ್ನಾಗಿ ಆದಾಗ" ಎಂದು ಒತ್ತಿ ಹೇಳಿದರು. "ನಿಮ್ಮ ಕಾಗದದ ಪ್ರಕಾರ ಅದು ನಿರಾಶೆ." ನಾನು ಮುಗುಳ್ನಕ್ಕು ಸಮ್ಮತಿಪತ್ರಕ್ಕೆ ಸಹಿ ಹಾಕಿದೆ. ವೈದ್ಯರು ಜಾಗ್ರತೆಗಾಗಿ ಯಾವಾಗಲೂ ಸ್ವಲ್ಪ ಕಡಿಮೆ ಹೇಳುತ್ತಾರೆ, ನನ್ನ ಛಲ ಇವರಿಗೇನು ಗೊತ್ತು ಎಂಬುದು ಒಳಗಿನ ಮಾತು. ಈಗ ನೋಡಿದರೆ, ಚಿಕಿತ್ಸೆ ಎಷ್ಟೇ ಸಫಲವಾಗಲಿ, ನಿರಾಶನಾಗಲು ಬೇಕಾದ ಜಾಗವನ್ನು ನಾನು ಮುಂಗಡವಾಗಿ ಕಾದಿರಿಸಿಕೊಂಡಿದ್ದೆ.

ಆ ನಾಲ್ಕು ಸಾಲುಗಳ ಮೂಲ ಎಲ್ಲಿಯದೆಂದು ಮುಂದೆ ಹುಡುಕಿ ಓದಿದೆ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವದು. ಅವರು ಅರವತ್ತು ಮಂದಿ ಸ್ಥೂಲಕಾಯದ ಹೆಂಗಸರನ್ನು, ಪಥ್ಯದ ಚಿಕಿತ್ಸೆಗೆ ಮುಂಚೆ, ಈ ಪ್ರಶ್ನೆಗಳನ್ನು ಕೇಳಿದರು. ಅವರೆಲ್ಲರ ಗುರಿ ಸರಾಸರಿಯಲ್ಲಿ ತೂಕದ ನೂರಕ್ಕೆ 32ರಷ್ಟನ್ನು ಕಳೆದುಕೊಳ್ಳುವುದು. 48 ವಾರಗಳ ಬಳಿಕ ಅವರು ಸರಾಸರಿ 16 ಕಿಲೋ ಇಳಿದಿದ್ದರು. ಯಾವ ವೈದ್ಯನೂ ಮೆಚ್ಚುವಂಥ ಫಲವದು. ಆದರೆ ಅವರಲ್ಲಿ ನೂರಕ್ಕೆ 47 ಮಂದಿ ತಾವೇ ಬರೆದಿದ್ದ ನಿರಾಶೆಯ ತೂಕವನ್ನು ಕೂಡ ಮುಟ್ಟಿರಲಿಲ್ಲ. ಅವರು ಮಾಡಿದ ಕೆಲಸದಲ್ಲಿ ದೋಷವಿರಲಿಲ್ಲ, ಅಳತೆಗೋಲಿನಲ್ಲಿತ್ತು. ಇದನ್ನು ಓದಿದ ರಾತ್ರಿ ನನಗೆ ಆ ಅಪರಿಚಿತ ಹೆಂಗಸರೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತಂತೆ ಭಾಸವಾಯಿತು.

ಆದರೆ ಓದುವ ಬುದ್ಧಿ ಬಂದದ್ದು ಎಡವಿದ ಮೇಲೆ. 2023ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೊದಲ ತಿಂಗಳುಗಳ ಸುಖವನ್ನು ಹೇಗೆ ವರ್ಣಿಸಲಿ? ಬೇಳೆಯ ಕಟ್ಟು, ಮಜ್ಜಿಗೆ, ಆಮೇಲೆ ಕಲಸಿದ ಗಂಜಿ. ಅರ್ಧ ಇಡ್ಲಿಗೆ ಹೊಟ್ಟೆ ತುಂಬುವ ವಿಸ್ಮಯ. ಕೆಲವೇ ವಾರಗಳಲ್ಲಿ ಇನ್ಸುಲಿನ್ ನಿಂತಿತು, ಒಂದು ಮಾತ್ರೆ ಉಳಿಯಿತು. ಬೆರಳಿನ ಗಾಯ ಮಾದು ಅದರ ಜಾಗದಲ್ಲಿ ನಯವಾದ ಬಿಳಿಯ ಕಲೆಯೊಂದು ಉಳಿಯಿತು. ಆರು ತಿಂಗಳಿಗೆ ತೂಕ 103. ಅದರ ಹಿಂದೆಯೇ ಮುಖವಾಡದ ಯಂತ್ರ ಅಟ್ಟ ಸೇರಿತು. ನಾನು ಯಾವುದಕ್ಕಾಗಿ ಹೊರಟಿದ್ದೆನೋ ಅದೆಲ್ಲ ಆಗಿಹೋಗಿತ್ತು. ಮತ್ತು ನಾನು ಅದನ್ನು ಗಮನಿಸಲೇ ಇಲ್ಲ! ಗಮನವೆಲ್ಲ ಸ್ನಾನದ ಮನೆಯ ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ. ದಿನಕ್ಕೆ ಮೂರು ಸಲ ಹತ್ತಿ ನಿಲ್ಲುತ್ತಿದ್ದೆ.

2024ರ ಮಾರ್ಚಿನಲ್ಲಿ ಮುಳ್ಳು 94ಕ್ಕೆ ಬಂದು ನಿಂತಿತು. ಒಂದು ವಾರ, ಎರಡು ವಾರ, ಐದು ವಾರ. ಇಳಿಯದು. 38 ಕಿಲೋ ಇಳಿಸಿದ ಮನುಷ್ಯ ನಾನು. ಆದರೆ ನನ್ನ ಕಣ್ಣಿಗೆ ಕಾಣುತ್ತಿದ್ದುದು ಉಳಿದ 26. ಎತ್ತರದ ಪಟ್ಟಿಯ ಲೆಕ್ಕಕ್ಕೆ 94 ಕಿಲೋ ಎಂದರೆ ನನಗೆ ಇನ್ನೂ ಸ್ಥೂಲಕಾಯವೇ. ಇಷ್ಟೆಲ್ಲ ಆದಮೇಲೂ ಅದೇ ಹೆಸರೆ? ಛಲ ಕೆರಳಿತು. ಬೆಳಗಿನ ಮೊಟ್ಟೆಯನ್ನು ಬಿಟ್ಟೆ, ಸಂಜೆಯ ಕಾಳನ್ನು ಬಿಟ್ಟೆ. ಮಜ್ಜಿಗೆ ಮತ್ತು ಸೌತೆಕಾಯಿಯಲ್ಲಿ ದಿನ ತಳ್ಳಿದೆ. ಮನೆಯಲ್ಲಿ ಕಾಲೇಜಿನಲ್ಲಿ ತಿಂದೆನೆಂದೂ ಕಾಲೇಜಿನಲ್ಲಿ ಮನೆಯಲ್ಲಿ ತಿಂದೆನೆಂದೂ ಹೇಳಿದೆ. ಎರಡು ತಿಂಗಳಿಗೆ 89 ಬಂತು. ಬಾಚಣಿಗೆ ತುಂಬ ಕೂದಲು ಬಂತು. ಒಂದು ಮಧ್ಯಾಹ್ನ ದುರ್ಯೋಧನ ಸರೋವರ ಹೊಗುವ ಭಾಗವನ್ನು ಪಾಠ ಮಾಡುತ್ತಿದ್ದವನು ಕಣ್ಣು ಕತ್ತಲಿಟ್ಟು ಕರಿಹಲಗೆಯ ಬುಡದಲ್ಲಿ ಕುಸಿದೆ. ನನ್ನನ್ನು ಎತ್ತಿ ಕೂರಿಸಿದವರು ಆ ಹಿಂದಿನ ಬೆಂಚಿನ ಹುಡುಗರೇ. ಅವರು ನಗುತ್ತಿರಲಿಲ್ಲ.

ಆಹಾರ ತಜ್ಞೆ ಈ ಸಲ ಕೋಪ ಮಾಡಿಕೊಂಡರು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ತಪ್ಪದೆ ಸೇರಬೇಕಾಗಿದ್ದ ದೇಹಕ್ಕೆ ನಾನು ಅದರ ಕಾಲುಭಾಗವನ್ನೂ ಕೊಟ್ಟಿರಲಿಲ್ಲ. ಕಬ್ಬಿಣಾಂಶ ಮತ್ತು ಬಿ-12 ತೀರ ಕೆಳಗೆ ಇಳಿದಿದ್ದವು. ಜಠರ ಕಳೆದುಕೊಂಡವರು ಈ ಪೂರಕಗಳನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕೆಂಬುದನ್ನು ನಾನು ಉಪಚಾರದ ಮಾತೆಂದು ತಿಳಿದಿದ್ದೆ. ಆಮೇಲೆ ಅವರು ಆ ಐದು ಕಿಲೋಗಳ ಲೆಕ್ಕ ಬಿಡಿಸಿದರು. ಕರಗಿದುದರಲ್ಲಿ ಕೊಬ್ಬಿಗಿಂತ ಮಾಂಸಖಂಡವೇ ಹೆಚ್ಚು. ಮೆಟ್ಟಿಲು ಹತ್ತಿಸುವ ತೊಡೆಯನ್ನು ತೂಕದ ಯಂತ್ರಕ್ಕೆ ನೈವೇದ್ಯ ಮಾಡಿದ್ದೆ.

"ಸರ್, 132 ಕಿಲೋ ಹೊತ್ತು ತಿರುಗಿದ ಮೂಳೆ, ರಕ್ತನಾಳ, ಚರ್ಮ ಎಲ್ಲ ಇನ್ನೂ ನಿಮ್ಮ ಜೊತೆಗೇ ಇದೆ" ಎಂದರು. "ಹೊಟ್ಟೆ ಮೇಲೆ ಜೋತುಬಿದ್ದಿರೋ ಚರ್ಮ ಎಷ್ಟು ಉಪವಾಸ ಮಾಡಿದರೂ ಕರಗಲ್ಲ. ಆ ಎಂ.ಎ. ಹುಡುಗನಿಗೆ ಇದು ಯಾವುದೂ ಇರಲಿಲ್ಲ."

ಇನ್ನೂ ಒಂದು ಮಾತು ಅವರಿಂದ ತಿಳಿಯಿತು. ತೂಕ ಇಳಿದ ದೇಹ ಸುಮ್ಮನಿರುವುದಿಲ್ಲ. ಇದನ್ನು ಬರಗಾಲವೆಂದೇ ಭಾವಿಸಿ ಖರ್ಚನ್ನು ಬಿಗಿಹಿಡಿಯುತ್ತದೆ. ಹುಟ್ಟಿನಿಂದ 94 ಕಿಲೋದ ಮೈಕಟ್ಟಿನವನು ಉರಿಸುವುದಕ್ಕಿಂತ ಕಡಿಮೆ ಶಕ್ತಿಯನ್ನು, 132ರಿಂದ 94ಕ್ಕೆ ಇಳಿದು ಬಂದವನು ಉರಿಸುತ್ತಾನೆ. ಮುಳ್ಳು ನಿಂತದ್ದು ನನ್ನ ಛಲ ಸೋತುದರಿಂದಲ್ಲ, ದೇಹ ತನ್ನ ಕರಾರನ್ನು ಮುಂದಿಟ್ಟುದರಿಂದ.

ಮತ್ತೆ ಬಲ ಬರುವವರೆಗೆ ರಜೆಯಲ್ಲಿ ಕೂತಾಗ, ಈ 'ಸರಿಯಾದ ತೂಕ'ವೆಂಬುದನ್ನು ಮೊದಲು ಹೇಳಿದವರು ಯಾರೆಂದು ಹುಡುಕಿದೆ. ಪಾಠ ಪ್ರವಚನದವರ ಚಟವದು, ಯಾವ ಮಾತಿಗೂ ಕರ್ತೃವನ್ನು ಅರಸುವುದು. ಕಿಲೋವನ್ನು ಮೀಟರಿನ ವರ್ಗದಿಂದ ಭಾಗಿಸುವ ಸೂತ್ರವನ್ನು ಕೊಟ್ಟವನು ವೈದ್ಯನೇ ಅಲ್ಲ. 1796ರಲ್ಲಿ ಹುಟ್ಟಿದ ಬೆಲ್ಜಿಯಮ್ಮಿನ ಅಡಾಲ್ಫ್ ಕೆಟಲೆ ಎಂಬ ಖಗೋಳಜ್ಞ. ನಕ್ಷತ್ರಗಳ ಅಳತೆಯಲ್ಲಿ ಪಳಗಿದ ಕೈಯಿಂದ ಆತ ಮನುಷ್ಯರನ್ನೂ ಅಳೆದು 'ಸರಾಸರಿ ಮನುಷ್ಯ'ನನ್ನು ಹುಡುಕಿದ. ದೊಡ್ಡವರಲ್ಲಿ ತೂಕವು ಎತ್ತರದ ವರ್ಗವನ್ನು ಅನುಸರಿಸುತ್ತದೆಂದು ಕಂಡುಕೊಂಡ. ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1972ರಲ್ಲಿ ಇದಕ್ಕೆ ದೇಹತೂಕದ ಸೂಚ್ಯಂಕವೆಂದು ಹೊಸ ಹೆಸರಿಟ್ಟರು. ಜನಸಮುದಾಯಗಳನ್ನು ಹೋಲಿಸಲು ಸೊಗಸಾದ ಸಾಧನ. ಅದರ ಪ್ರಕಾರ ನನ್ನ ಸೂಚ್ಯಂಕ ಆಗ 45ಕ್ಕೂ ಮೇಲಿತ್ತೆಂಬುದು ಉಪಯುಕ್ತವಾದ ಎಚ್ಚರಿಕೆಯೇ ಆಗಿತ್ತು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ನಮ್ಮ ತಜ್ಞರು 2009ರಲ್ಲಿ ಈ ಮಿತಿಗಳನ್ನು ಇನ್ನೂ ಕೆಳಗಿಳಿಸಿ, 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ ಎಂದರು. ಆ ಲೆಕ್ಕಕ್ಕೆ ನಾನು 66 ಕಿಲೋ ಇರಬೇಕು. ರೋಗ ಬರುವ ಮುಂಚೆ ಎಚ್ಚರಿಸಲು ಹಾಕಿದ ಗೆರೆಯನ್ನು, ಬಿದ್ದು ಎದ್ದವನು ಮುಟ್ಟಲೇಬೇಕಾದ ಗೆರೆಯೆಂದು ಓದಿಕೊಂಡದ್ದು ನನ್ನ ತಪ್ಪು.

'ಆದರ್ಶ ತೂಕ'ದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯ ಕಚೇರಿಯಲ್ಲಿ. ಯಾವ ತೂಕದ ಪಾಲಿಸಿದಾರರು ಬೇಗ ಸಾಯುವುದಿಲ್ಲವೆಂಬ ಲೆಕ್ಕವನ್ನು ಹಿಡಿದು ಲೂಯಿ ಡಬ್ಲಿನ್ ಎಂಬ ಸಂಖ್ಯಾಶಾಸ್ತ್ರಜ್ಞರು 1940ರ ದಶಕದ ಆರಂಭದಲ್ಲಿ ಪಟ್ಟಿ ರಚಿಸಿದರು. 1959ರಲ್ಲಿ 'ಆದರ್ಶ' ಹೋಗಿ 'ಅಪೇಕ್ಷಣೀಯ' ಬಂತು. 1983ರಲ್ಲಿ ಪಟ್ಟಿಯೇ ಬದಲಾಗಿ ಅನೇಕ ಅಂಕಿಗಳು ಮೇಲೇರಿದವು. ಆದರ್ಶವೂ ಪರಿಷ್ಕೃತ ಮುದ್ರಣ ಕಾಣುತ್ತದೆಂದಾಯಿತು! ಶಸ್ತ್ರವೈದ್ಯರು ಬಹುಕಾಲ ತಮ್ಮ ಫಲಿತಾಂಶವನ್ನು ಈ ಪಟ್ಟಿಗೆ ಹೋಲಿಸಿ, 'ಹೆಚ್ಚುವರಿ ತೂಕದಲ್ಲಿ ಇಷ್ಟು ಭಾಗ ಇಳಿಯಿತು' ಎಂದೇ ಹೇಳುತ್ತಿದ್ದರು. ಆ ಬಗೆಯ ಲೆಕ್ಕದಲ್ಲಿ, ಸೂಚ್ಯಂಕ 25ಕ್ಕೆ ಸಲ್ಲುವ 72 ಕಿಲೋವನ್ನು ನನ್ನ ಆದರ್ಶವೆಂದು ಹಿಡಿದರೆ, ನಾನು ಇಳಿಸಿದ 38 ಕಿಲೋ ನೂರಕ್ಕೆ 63. ಒಟ್ಟು ತೂಕದ ಲೆಕ್ಕದಲ್ಲಿ ನೂರಕ್ಕೆ 29. ಪರೀಕ್ಷಕನಾಗಿ ಹೇಳುತ್ತೇನೆ, ಒಂದರಲ್ಲಿ ಪ್ರಥಮ ದರ್ಜೆ, ಇನ್ನೊಂದರಲ್ಲಿ ನಪಾಸು; ಉತ್ತರ ಪತ್ರಿಕೆ ಮಾತ್ರ ಒಂದೇ.

ನನ್ನ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಸ್ವೀಡನ್ನಿನಿಂದ ಬಂದ ಅಂಕಿಗಳು. 1987ರಲ್ಲಿ ಆರಂಭವಾದ ಅಲ್ಲಿಯ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು 2,010, ಮಾಡಿಸಿಕೊಳ್ಳದ ಸರಿಸಮಾನರು 2,037. ಬೈಪಾಸ್ ಆದವರು ಒಂದೆರಡು ವರ್ಷಗಳಲ್ಲಿ ತೂಕದ ನೂರಕ್ಕೆ 32ರಷ್ಟು ಇಳಿದು, ಹತ್ತು ವರ್ಷದ ಹೊತ್ತಿಗೆ ಸ್ವಲ್ಪ ಮೇಲೇರಿ 25ರಲ್ಲಿ ನಿಂತರು. ಆ ಕಾಲದ ಬೇರೆ ಬಗೆಯ ಶಸ್ತ್ರಚಿಕಿತ್ಸೆಗಳಾದವರು 14, 16ರಲ್ಲಿ ನಿಂತರು. ಸರಾಸರಿಯಲ್ಲಿ ನೋಡಿದರೆ ಇವರಾರೂ ಪಟ್ಟಿಯವರು ಹೇಳುವ ತೂಕಕ್ಕೆ ಬಂದವರಲ್ಲ. ಹೀಗಿದ್ದೂ 2007ರಲ್ಲಿ ಲೆಕ್ಕ ಹಾಕಿದಾಗ, ವಯಸ್ಸು ಮೊದಲಾದವನ್ನು ಸರಿದೂಗಿಸಿ ನೋಡಿದರೆ, ಅವರಲ್ಲಿ ಸಾವಿನ ಸಂಭವ ನೂರಕ್ಕೆ 29ರಷ್ಟು ಕಡಿಮೆಯಾಗಿತ್ತು. ಕೊಂಚ ಮರಳಿ ಏರುವುದೂ ಹಾದಿಯ ಒಂದು ಭಾಗವೇ ಎಂಬುದನ್ನು ನಾನು ಇಲ್ಲಿ ಮೊದಲ ಸಲ ಅರಿತೆ. ಗುರಿಯನ್ನು ಗೊತ್ತುಮಾಡುವಾಗ ಒಂದೇ ಅಂಕಿಯನ್ನು ಮೊಳೆ ಹೊಡೆದಂತೆ ನಿಲ್ಲಿಸದೆ, ಏರಿಳಿಯಲು ನಾಲ್ಕಾರು ಕಿಲೋಗಳ ಅಂಗಳ ಬಿಡಬೇಕಾದದ್ದು ಇದರಿಂದಲೇ.

ಹೇಳುವುದು ಸುಲಭ. ಅರವತ್ತೆಂಟನ್ನು ಬಿಡುವುದು ನನಗೆ ಸುಲಭವಾಗಲಿಲ್ಲ. ಅದು ಬರಿಯ ಅಂಕಿಯಾಗಿದ್ದರೆ ಆ ದಿನವೇ ಒರೆಸುತ್ತಿದ್ದೆ. ಸುತ್ತಣವರ ಮಾತೂ ನೆರವಿಗೆ ಬರಲಿಲ್ಲ. ಎಂಬತ್ತೊಂದರ ನಮ್ಮ ತಾಯಿ ನನ್ನನ್ನು ಕಂಡಾಗಲೆಲ್ಲ, "ಎಷ್ಟು ಸೊರಗಿಬಿಟ್ಟೆಯೋ ಮಗಾ, ಮುಖದ ಕಳೆಯೇ ಹೋಯ್ತು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಸಹೋದ್ಯೋಗಿಗಳು, "ಆಪರೇಷನ್ ಆದರೂ ಇಷ್ಟೇನಾ ಮೇಷ್ಟ್ರೇ?" ಎಂದು ವಿಚಾರಿಸುತ್ತಾರೆ. ಇಬ್ಬರ ನಡುವೆ ನಿಂತ ನನಗೆ ಹೆಂಡತಿಯೊಬ್ಬಳೇ ಬೇರೆ ಪ್ರಶ್ನೆ ಕೇಳಿದಳು. ಒಂದು ರಾತ್ರಿ ಊಟದ ಪಾತ್ರೆಗಳನ್ನು ಎತ್ತಿಡುತ್ತ, "ರೀ, ಅರವತ್ತೆಂಟು ಕಿಲೋ ಇದ್ದಾಗ ನಿಮಗೆ ನಾನು ಗೊತ್ತೇ ಇರಲಿಲ್ಲವಲ್ಲ" ಎಂದಳು. ನಾವು ಮದುವೆಯಾದದ್ದು 1997ರಲ್ಲಿ. ಆ ಹೊತ್ತಿಗೆ ನಾನು ತೊಂಬತ್ತರ ಹತ್ತಿರವಿದ್ದೆ. ಅವಳ ಮಾತಿನಲ್ಲಿ ಆಕ್ಷೇಪವಿತ್ತೋ ಬರಿಯ ವರದಿಯೋ ತಿಳಿಯಲಿಲ್ಲ. ಆ ಹುಡುಗನನ್ನು ಮರಳಿ ತರಲು ಹೋಗಿ ನಾನು ಯಾರುಯಾರನ್ನು ಬಿಟ್ಟುಹೋಗುತ್ತಿದ್ದೆನೆಂಬುದು ಮಾತ್ರ ತಿಳಿಯಿತು.

ತಿನ್ನತೊಡಗಿದೆ. ಮೊಟ್ಟೆ ಮರಳಿತು, ಹೆಸರುಕಾಳು ಮರಳಿತು, ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮ ಸೇರಿತು. ತೂಕ 95ಕ್ಕೆ ಏರಿತು. ಏರಿದುದನ್ನು ಕಂಡು ಆಹಾರ ತಜ್ಞೆ "ಭೇಷ್" ಎಂದರು. ತೂಕ ಏರಿದ್ದಕ್ಕೆ ಹೊಗಳಿಸಿಕೊಂಡದ್ದು ಶೈಶವದ ನಂತರ ಅದೇ ಮೊದಲು. ತೂಕದ ಯಂತ್ರವನ್ನು ಹೆಂಡತಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ, ಭಾನುವಾರ ಬೆಳಗ್ಗೆ ಮಾತ್ರ ಹೊರಗೆ ಬರುತ್ತದೆ. ಕಳೆದ ಚಳಿಗಾಲದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಂದಿಯವರೆಗೆ ಹತ್ತಿದೆ. ನಾಲ್ಕು ಕಡೆ ಕುಳಿತೆ, ಓಡಲಿಲ್ಲ. ಕುಳಿತಾಗಲೆಲ್ಲ ಚಪ್ಪಲಿ ಕಳಚಿ ಬಲಗಾಲಿನ ಹೆಬ್ಬೆರಳನ್ನು ನೋಡಿಕೊಂಡೆ. ಅದು ಇತ್ತು.

ಎರಡೂವರೆ ವರ್ಷದ ತಪಾಸಣೆಗೆಂದು 2025ರ ಜುಲೈಯಲ್ಲಿ ಬೆಂಗಳೂರಿಗೆ ಹೋದಾಗ ತೂಕ 97. ಸಕ್ಕರೆ ಹತೋಟಿಯಲ್ಲಿತ್ತು. ಆಹಾರ ತಜ್ಞೆ ಅದೇ ನಾಲ್ಕು ಸಾಲಿನ ಕಾಗದವನ್ನು ಮತ್ತೆ ಮುಂದಿಟ್ಟರು. ಈ ಸಲ ಬಹಳ ಹೊತ್ತು ಹಿಡಿಯಿತು. ಸಂತೋಷದ ತೂಕಕ್ಕೆ 92 ಎಂದು ಬರೆದೆ. ಒಪ್ಪಿಗೆಯಾಗುವುದಕ್ಕೆ 98. ನಿರಾಶೆಗೆ 106, ಆ ಹೊತ್ತಿಗೆ ಇನ್ಸುಲಿನ್ ಮರಳಬಹುದೆಂದು ವೈದ್ಯೆ ಹೇಳಿದ್ದರು. ಮೊದಲನೆಯ ಸಾಲಿನಲ್ಲಿ, ಲೇಖನಿಯನ್ನು ಎರಡು ಸಲ ಎತ್ತಿ ಇಳಿಸಿ, ಅರವತ್ತೆಂಟೆಂದೇ ಬರೆದೆ. ಆಕೆ ಅದನ್ನು ನೋಡಿದರು, ಏನೂ ಅನ್ನದೆ ಕಡತದಲ್ಲಿ ಸೇರಿಸಿದರು.

ಹೊರಗೆ ಮಳೆ ಆಗತಾನೆ ನಿಂತಿತ್ತು. ಮೈಸೂರಿನ ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಆಟೋ ಕರೆಯಲೆಂದು ಕೈಯೆತ್ತಿದೆ. "ದೂರವೇನಿಲ್ಲ, ನಡೆದೇ ಹೋಗೋಣ ಬನ್ನಿ" ಎಂದು ಹೆಂಡತಿ ಆಗಲೇ ಮುಂದೆ ಹೆಜ್ಜೆ ಹಾಕಿದ್ದಳು.